ಎದುರು ಬಂದ ತಾಯಿ

ಹೊರಗಿನಿಂದ ಚಿಲಕ ಬಿದ್ದ ಸದ್ದಾಯಿತು. ಬಿಂದುಶ್ರೀ ಬಾಗಿಲಿಗೆ ಎರಡೂ ಅಂಗೈ ಒತ್ತಿ ನಿಂತಳು. ಬಡಿಯಲಿಲ್ಲ, ಕೂಗಲಿಲ್ಲ... ಗಂಡ ಮ್ಯಾಚಿಗೆ ಹೊರಟಾಗಲೆಲ್ಲ ಅವಳ ಪಾಡು ಇದೇ!

"ಅಲ್ಲೇ ಇರು. ನನ್ ಮಗ ಗೇಟ್ ದಾಟೋಗಂಟ ಉಸಿರು ಬಿಡಬ್ಯಾಡ," ಎಂದು ಅತ್ತೆ ಮುನಿಶಾಮಮ್ಮ ಆಚೆಯಿಂದ ಗದರಿದಳು. "ನೀನ್ ಎದುರು ಬಂದಿದ್ಕೇ ಅವನ್ ಭುಜ ಓಗಿದ್ದು."

ಬ್ಯಾಟರಾಯನಪುರದ ಹಳೇ ಊರಿನ ಆ ಓಣಿಯಲ್ಲಿ ಮನೋಹರ ಬೌಲಿಂಗಿಗೆ ಹೊರಡುವುದೆಂದರೆ ಒಂದು ಶಾಸ್ತ್ರ. ಸೊಸೆ ಕೋಣೆಯೊಳಗೆ. ಬಾಡಿಗೆ ಮನೆಯ ಚನ್ನಕ್ಕ ತುಂಬಿದ ಕೊಡ ಹಿಡಿದು ಎದುರಿಗೆ. ಮುನಿಶಾಮಮ್ಮ ಹಿತ್ತಲಿಗೆ. ಹೌದು, ಹೆತ್ತ ತಾಯಿಯೂ ಅಡಗಲೇಬೇಕು! ಗಂಡ ಪಿಳ್ಳಣ್ಣ ಸತ್ತ ದಿನದಿಂದ ಅವಳು ಮಗ ಹೊರಡುವ ಹೊತ್ತಿಗೆ ಒಮ್ಮೆಯೂ ಅವನಿಗೆ ಮುಖ ತೋರಿಸಿದವಳಲ್ಲ. ವಿಧವೆ ಎದುರು ಬಂದರೆ ಹೋಗುವ ಕೆಲಸ ಕೆಡುತ್ತದೆ, ಹಿಂದಿರುಗಿ ಬಂದು ಕೂತು ಏಳಬೇಕು ಎಂದು ಊರು ಹೇಳಿತ್ತು. ಅವಳು ನಂಬಿದ್ದಳು. ಥೂ, ಇಂಥ ಊರಿಗೆ!

ಸೊಸೆಯ ಕಾಲ್ಗುಣವಂತೆ! ಹತ್ತೊಂಬತ್ತಕ್ಕೆ ಮನೋಹರನ ಬೆನ್ನುಮೂಳೆ ಬಿರುಕು ಬಿಟ್ಟಾಗ ಬಿಂದುಶ್ರೀ ಬಾಗಲಗುಂಟೆಯ ಹೈಸ್ಕೂಲಿನಲ್ಲಿ ಎರಡು ಜಡೆ ಹಾಕಿಕೊಂಡು ಕೂತಿದ್ದಳು. ಪಾದ ಹೊರಳಿ ಒಂದು ಸೀಸನ್ ಪೂರ್ತಿ ಹೋದಾಗ ಅವನೆಂಬ ಪ್ರಾಣಿ ಭೂಮಿಯ ಮೇಲಿರುವುದೇ ಅವಳಿಗೆ ಗೊತ್ತಿರಲಿಲ್ಲ. ತೊಡೆಯ ಸ್ನಾಯು ಹರಿದಾಗ, ಆಗಲೂ ಇಲ್ಲ! ಪ್ರತಿ ಸಲವೂ ಮಲಗಿದ್ದವನು ಎದ್ದು, ಮೊದಲಿಗಿಂತ ಜೋರಾಗಿ ಓಡಿ ಬಂದು ಬೌಲ್ ಮಾಡುತ್ತಿದ್ದ. ಟೀ ಅಂಗಡಿಯವರು, "ಗುರು, ನಿನಗಿಂತ ನಿನ್ ಎಕ್ಸ್‌ರೇಗಳೇ ಜಾಸ್ತಿ ಮ್ಯಾಚ್ ಆಡವೆ!" ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ಮದುವೆಯಾದ ತಿಂಗಳಿಗೆ ಬಲಭುಜ ಹೋಯಿತು ನೋಡಿ, ಹಳೆಯ ಪಾಪಗಳೆಲ್ಲ ಸೇರಿ ಆ ಹುಡುಗಿಯ ಪಾದದ ಮೇಲೆ ಬಿದ್ದವು.

ಭುಜ ವಾಸಿಯಾಗಿದೆ ಎಂದು ಎಲ್ಲರೂ ತಿಳಿದಿದ್ದರು. ಆಗಿರಲಿಲ್ಲ. "ಇನ್ನೊಂದ್ ಸಲ ಹರಿದರೆ ಈ ಕೈ ಭುಜದ ಮೇಲಕ್ಕೆ ಏಳೋದೇ ಇಲ್ಲ," ಎಂದಿದ್ದರು ಡಾಕ್ಟರು. ಕೇಳಿಸಿಕೊಂಡವರು ಗಂಡ ಹೆಂಡತಿ ಇಬ್ಬರೇ. ಆಸ್ಪತ್ರೆಯ ಮೆಟ್ಟಿಲ ಮೇಲೇ ಅವನು ಅವಳ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡಿದ್ದ. "ಆಣೆ ಮಾಡು. ಯಾರಿಗೂ ಹೇಳಲ್ಲ ಅಂತ. ಫೈನಲ್ ಒಂದು ಆಡ್ಬಿಡ್ತೀನಿ ಕಣೇ. ಕಾಶಿನಾಥ್ ಸಾರ್ ನೋಡೋಕೆ ಬರ್ತಾರೆ. ದೊಡ್ಡ ಲೀಗಿಗೆ ಆರಿಸೋರು ಅವ್ರೇ! ಆಮೇಲೆ ಕೈ ಇದ್ರೆಷ್ಟು, ಹೋದ್ರೆಷ್ಟು?"

ಆ ಫೈನಲ್ ಇಂದು. ಯಲಹಂಕದ ಮೈದಾನದಲ್ಲಿ.

ಮನೋಹರನ ಬೈಕಿನ ಸದ್ದು ಓಣಿಯ ತಿರುವಿನಲ್ಲಿ ಕರಗಿದಾಗ ಬಿಂದುಶ್ರೀಯ ಗಂಟಲಿಂದ ಒಂದು ಬಿಕ್ಕು ಹೊರಬಿತ್ತು. ಆಣೆ ಮುರಿದರೆ ಗಂಡನ ತಲೆಗೆ... ಮುರಿಯದಿದ್ದರೆ ಗಂಡನ ಕೈಗೆ! ಏನು ಮಾಡಬೇಕು ಅವಳು? ಹೇಳಿ, ಯಾವ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ? ಗಡಿಯಾರ ಓಡಿತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಇವಳ ಅಳು ಮಾತ್ರ ನಿಲ್ಲಲಿಲ್ಲ.

ಕೊನೆಗೆ ಚಿಲಕ ತೆಗೆದವಳು ಚನ್ನಕ್ಕ. "ಏನವ್ವಾ ಇದು? ದನಾ ಕಟ್ಟಿದಂಗ ಕೂಡಿ ಹಾಕ್ತಾರ? ನನ್ನ ಕೊಡದಾಗ ಶಕುನ ಐತಂತ, ನಿನ್ನ ಕಣ್ಣೀರಿನಾಗ ಇಲ್ಲೇನು? ಹೊರಗ ಬಾ!"

ಬಿಂದುಶ್ರೀ ನೇರ ಹಿತ್ತಲಿಗೆ ಓಡಿದಳು. ಒಗೆಯುವ ಕಲ್ಲಿನ ಮೇಲೆ ಕೂತು ಮಗನ ಗೆಲುವಿಗಾಗಿ ದೇವರನ್ನು ಬೇಡುತ್ತಿದ್ದ ಮುನಿಶಾಮಮ್ಮ ಕಣ್ಣು ಬಿಟ್ಟಳು.

"ಅತ್ತೆ, ಅವರ ಭುಜ ವಾಸಿಯಾಗಿಲ್ಲ. ಇವತ್ತು ಪೂರ್ತಿ ಬೌಲ್ ಮಾಡಿದ್ರೆ ಕೈ ಶಾಶ್ವತವಾಗಿ ಹೋಗತ್ತೆ!"

"ಸುಳ್ಳು! ಆಡೋಕೆ ಓದವನ ಬೆನ್ನಿಂದೆ ಅಪಶಕುನ ನುಡೀತೀಯೇನೇ ಬೇವರ್ಸಿ?"

"ದಿನಾ ಬೆಳಿಗ್ಗೆ ಬಚ್ಚಲುಮನೆಗೆ ನಾನ್ಯಾಕೆ ಅವರ ಜೊತೆ ಹೋಗ್ತೀನಿ ಅನ್ಕೊಂಡಿದ್ದೀರಿ?" ಅವಳ ದನಿ ಮೊದಲ ಸಲ ಅತ್ತೆಯ ಮುಂದೆ ಏರಿತು. "ನಾಚ್ಕೆ ಇಲ್ಲದವಳು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ರಲ್ಲ... ತಲೆ ಮೇಲೆ ಒಂದು ಚೊಂಬು ನೀರು ಹುಯ್ಕೊಳ್ಳೋಕೆ ಅವರ ಕೈ ಏಳಲ್ಲ ಅತ್ತೆ! ನಾನು ಹುಯ್ತೀನಿ! ಅವರು ಟವೆಲ್ ಕಚ್ಕೊಂಡು ಅಳ್ತಾರೆ!"

ಮಗ ಈಚೆಗೆ ಎಡಗೈಯಲ್ಲೇ ಬಾಗಿಲು ತೆಗೆಯುವುದು, ಹೆಗಲ ಮೇಲೆ ಕೈ ಇಟ್ಟರೆ ಬೆಚ್ಚುವುದು... ಎಲ್ಲವೂ ಮುನಿಶಾಮಮ್ಮನಿಗೆ ಕಂಡಿತ್ತು. ಕಂಡರೂ ಸೊಸೆ ಮದ್ದು ಹಾಕಿದ್ದಾಳೆಂದು ಶಪಿಸಿದ್ದಳು!

"ಯಾಕೆ ಯೋಳ್ಲಿಲ್ಲ ನೀನು?"

"ಅವರ ತಲೆ ಮೇಲೆ ಆಣೆ ಹಾಕಿಸ್ಕೊಂಡಿದ್ರು. ಇವತ್ತು ಮುರಿದಿದ್ದೀನಿ. ಪಾಪ ನನಗಿರಲಿ!"

ಮುದುಕಿ ಎದ್ದಳು. ಚಪ್ಪಲಿ ಸಿಗಲಿಲ್ಲ, ಹುಡುಕಲೂ ಇಲ್ಲ. "ಚನ್ನಕ್ಕಾ, ಒಂದ್ ಆಟೋ ಕರಿಯೇ!"

ಮೈದಾನದಲ್ಲಿ ಆ ಹೊತ್ತಿಗೆ ಬೆಂಕಿ ಹತ್ತಿತ್ತು! ನೋವಿನ ಮಾತ್ರೆ ನುಂಗಿ ಇಳಿದಿದ್ದ ಮನೋಹರ ಮೂರು ವಿಕೆಟ್ ಕಿತ್ತಿದ್ದ. ಒಂದು ಸ್ಟಂಪ್ ಗಿರಗಿರ ತಿರುಗಿ ಕೀಪರ್ ಜೀಷಾನನ ಕಾಲ ಬಳಿ ಬಿದ್ದಿತ್ತು. ಜನ ಶಾಮಿಯಾನದ ಕಂಬ ಹತ್ತಿ ಕಿರುಚುತ್ತಿದ್ದರು. ಕೊನೆಯ ಓವರ್. ಎದುರಾಳಿಗೆ ಬೇಕಾದದ್ದು ಎಂಟೇ ರನ್. ನಾಯಕನೂ ಆಗಿದ್ದ ಜೀಷಾನ್ ಚೆಂಡು ಕೊಡುತ್ತಾ ಕೇಳಿದ, "ಮಗಾ, ಕೈ ಹೆಂಗಿದೆ?"

"ಬೆಂಕಿ ಮಚ್ಚಾ! ಕೊಡು ಇಲ್ಲಿ!"

ಓಡಿದ. ಎಂಥ ಓಟ! ಚೆಂಡು ಮಿಡ್ಲ್ ಸ್ಟಂಪನ್ನು ಬುಡಸಮೇತ ಹಾರಿಸಿತು! ಮೈದಾನ ಹುಚ್ಚೆದ್ದು ಕುಣಿಯಿತು... ಆದರೆ ಮನೋಹರನಿಗೆ ಭುಜದೊಳಗೆ ಒದ್ದೆ ಬಟ್ಟೆ ಹರಿದಂಥ ಸದ್ದೊಂದೇ ಕೇಳಿಸಿದ್ದು. ಕಣ್ಣು ಕತ್ತಲಿಟ್ಟಿತು. ಹಲ್ಲು ಕಚ್ಚಿ ನಕ್ಕ. ಬಲಗೈ ಜೋತು ಬಿದ್ದಿತ್ತು. ಎಡಗೈಯಲ್ಲಿ ಚೆಂಡು ಹಿಡಿದು ಓಟ ಶುರುವಾಗುವ ಗುರುತಿಗೆ ನಡೆದ. ಇನ್ನು ಐದು. ಐದೇ!

ತಿರುಗಿ ನೋಡಿದರೆ ಹಗ್ಗದ ಗೆರೆ ದಾಟಿ, ಬರಿಗಾಲಲ್ಲಿ, ಸೆರಗು ಹಾರಿಸಿಕೊಂಡು ಒಬ್ಬ ಮುದುಕಿ ಬರುತ್ತಿದ್ದಳು!

"ಅಜ್ಜೀ, ಹೊರಗೆ ಹೋಗಿ! ಮ್ಯಾಚ್ ನಡೀತಿದೆ!" ಅಂಪೈರ್ ಕೂಗಿದರು.

"ನಿನ್ ಮ್ಯಾಚಿಗೆ ನನ್ ಎಕ್ಡ!"

ಅವಳು ಬಂದು ಪಿಚ್ ಮತ್ತು ಮಗನ ನಡುವೆ ನಿಂತಳು.

"ಅಮ್ಮಾ! ಏನಮ್ಮಾ ಇದು? ಐದೇ ಬಾಲು! ಕಾಶಿನಾಥ್ ಸಾರ್ ನೋಡ್ತಾವ್ರೆ... ದಾರಿ ಬಿಡು!"

"ಬಿಡಾಕಿಲ್ಲ. ನಿಮ್ಮಪ್ಪ ಸತ್ತಾಗಿಂದ ನಾನ್ ನಿನಗೆ ಎದುರು ಬಂದಿದ್ದೀನೇನೋ? ನೀನ್ ಗೆಲ್ಲಲಿ ಅಂತ ಹಿತ್ತಲಲ್ಲಿ ಅಡಗ್ಕೊಂಡೆ. ಹಡೆದವಳು, ಕಳ್ಳಿ ಅಂಗೆ!" ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಇವತ್ತು ಬೇಕೂಂತ ಬಂದಿದ್ದೀನಿ. ಮುಂಡೆ ಎದುರಾದ್ರೆ ಓಗೋ ಕೆಲ್ಸ ಕೆಡ್ತದಂತಲ್ಲ? ಕೆಡ್ಲಿ! ಓಗ್ಬ್ಯಾಡ. ಇಂದಕ್ಕೆ ತಿರುಗು ಮಗನೇ..."

ಮನೋಹರ ಅಮ್ಮನ ಹಿಂದೆ ನೋಡಿದ. ಹಗ್ಗದ ಬಳಿ ಬಿಂದುಶ್ರೀ ಕೈಮುಗಿದು ನಿಂತಿದ್ದಳು. ಆಣೆ ಮುರಿದಿದೆ ಎಂದು ಅವನಿಗೆ ತಿಳಿಯಿತು. ಸಿಟ್ಟು ಉಕ್ಕಿತು. ಬೈಯಲು ಬಾಯಿ ತೆರೆದ... ಬಂದದ್ದು ಅಳು.

"ಇದೊಂದೇ ಬರೋದಮ್ಮಾ ನನಗೆ. ಬೌಲಿಂಗ್ ಬಿಟ್ರೆ ಏನೂ ಬರಲ್ಲ..."

"ನಡೆಯೋಕ್ ಬರ್ದೆ ಇದ್ದಾಗ್ಲೂ ಸಾಕಿದ್ದೀನಿ. ಬಾ."

ಜೀಷಾನ್ ಗ್ಲೌಸ್ ಕಿತ್ತೆಸೆದು ಓಡಿ ಬಂದು ಗೆಳೆಯನ ಜೋತ ಕೈಯನ್ನು ಮೆಲ್ಲಗೆ ಮುಟ್ಟಿದ. "ಬೆಂಕಿ ಅಂತ ಸುಳ್ಳು ಹೇಳ್ದೆಯಲ್ಲೋ..." ಎಂದವನ ಕಣ್ಣೂ ತುಂಬಿತ್ತು.

ಮನೋಹರ ಸುತ್ತ ಕಣ್ಣಾಡಿಸಿದ. ಕವರ್ಸಿನಲ್ಲಿ ಸಿದ್ದಲಿಂಗ ನಿಂತಿದ್ದ. ಪೀಣ್ಯದ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಆಡುವವನು, ಸೀಸನ್ನೆಲ್ಲ ಮನೋಹರನ ನೆರಳಲ್ಲಿ ಉಳಿದವನು. ಅವನ ಅಂಗೈಯಲ್ಲಿ ಚೆಂಡಿಟ್ಟ. "ಕಾಲಿನ ಬುಡಕ್ಕೆ ಹಾಕು. ಬೇರೆ ಏನೂ ಯೋಚ್ನೆ ಮಾಡ್ಬೇಡ."

"ನನ್ನ ಕೈಲೆ ಆಗೂದಿಲ್ಲಣ್ಣ..."

"ನನ್ ಕೈಲಿ ಆಗಲ್ಲ ಕಣೋ! ನಿನ್ ಕೈಲಿ ಆಗತ್ತೆ!"

ಮುಂದಿನದು ಬರೀ ಕೂಗು! ಹಗ್ಗದಾಚೆ ಅಮ್ಮ ಮತ್ತು ಹೆಂಡತಿಯ ನಡುವೆ ನಿಂತ ಮನೋಹರ ಒಂದೊಂದು ಎಸೆತಕ್ಕೂ ಗಂಟಲು ಹರಿಯುವಂತೆ ಕಿರುಚಿದ. ಒಂದು ರನ್. ಆಮೇಲೆ ಖಾಲಿ. ಮತ್ತೆ ಎರಡು! ಮತ್ತೊಂದು! ಕೊನೆಯ ಚೆಂಡಿಗೆ ನಾಲ್ಕು ಬೇಕು... ಸಿದ್ದಲಿಂಗ ಓಡಿ ಬಂದ... ಕಾಲಿನ ಬುಡಕ್ಕೆ! ಬ್ಯಾಟು ಗಾಳಿ ಹೊಡೆಯಿತು, ಬೇಲ್ಸ್ ಹಾರಿದವು! ಮುನಿಶಾಮಮ್ಮನಿಗೆ ಏನಾಯಿತೆಂದು ಅರ್ಥವಾಗಲಿಲ್ಲ. ಆದರೂ ಸೊಸೆಯನ್ನು ತಬ್ಬಿಕೊಂಡು ಕುಣಿದೇಬಿಟ್ಟಳು. ಕುಣಿಯುತ್ತಲೇ ಅತ್ತಳು. "ಕೂಡಾಕಿದ್ನಲ್ಲೇ ನಿನ್ನ... ನನ್ ಕೈಗೆ ಉಳ ಬೀಳ..."

"ಬಿಡಿ ಅತ್ತೆ. ಎಲ್ಲರೂ ನೋಡ್ತಿದ್ದಾರೆ."

ಕಾಶಿನಾಥ್ ಇಳಿದು ಬಂದರು. ಮನೋಹರನ ಬೆನ್ನು ತಟ್ಟಿದರು. ಬಹಳ ಹೊತ್ತು ನಿಲ್ಲಲಿಲ್ಲ. ಸಿದ್ದಲಿಂಗನ ಫೋನ್ ನಂಬರ್ ಬರೆದುಕೊಂಡು ಹೊರಟರು. ಮನೋಹರ ಅವರ ಕಾರು ಗೇಟು ದಾಟುವವರೆಗೂ ನೋಡಿದ. ಎದೆ ಸುಟ್ಟಿತು, ಸುಳ್ಳೇಕೆ ಹೇಳಬೇಕು? ಆಮೇಲೆ ಸಿದ್ದಲಿಂಗನತ್ತ ತಿರುಗಿ, "ಲೇ, ಓಡೋವಾಗ ತಲೆ ಅಲ್ಲಾಡಿಸ್ತೀಯ. ನಾಳೆ ಬಾ, ಸರಿ ಮಾಡೋಣ," ಎಂದ.

ಆಸ್ಪತ್ರೆಗೆ ಹೊರಡುವ ಮುಂಚೆ ಶಾಮಿಯಾನದ ಕೆಳಗೆ ಊಟ ಬಡಿಸಿದರು. ಜೀಷಾನನ ಟವೆಲ್ಲಿನಲ್ಲಿ ಬಲಗೈ ಕಟ್ಟಿಕೊಂಡು ಕೂತಿದ್ದ ಮನೋಹರ ಎಲೆಯ ಮೇಲಿನ ಅನ್ನ ನೋಡಿದ. ಎಡಗೈಯಲ್ಲಿ ತಿನ್ನಲು ಮನಸ್ಸಾಗದೆ ಸುಮ್ಮನೆ ಕೂತ. ಅಷ್ಟು ಗಂಡಸರ ನಡುವೆ ಬಿಂದುಶ್ರೀ ಅತ್ತೆಯ ಮುಖ ನೋಡಿದಳು.

"ನನ್ನೇನ್ ನೋಡ್ತೀಯ? ಕಲಸಿ ಕೊಡು," ಎಂದಳು ಮುನಿಶಾಮಮ್ಮ.

ಅವಳು ತುತ್ತು ಕಲಸಿ ಗಂಡನ ಬಾಯಿಗಿಟ್ಟಳು. ಯಾರೋ ಕಿಸಕ್ಕೆಂದರು. ಮುನಿಶಾಮಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತಳು.

"ಏನ್ರೋ ಅದು? ನನ್ ಮಗ ಉಣ್ಣೋದ್ ನೋಡಿಲ್ವಾ? ತಲೆ ಬಗ್ಗಿಸ್ಕೊಂಡು ನಿಮ್ ನಿಮ್ ಎಲೆ ನೋಡ್ಕೊಳ್ಳಿ... ಬಿಂದೂ, ಇನ್ನೊಂದ್ ತುತ್ತು ಆಕು!"