ಪಡುಕಿಟಕಿಯ ಬೆಳಕು

ಪ್ರೇಕ್ಷಾ ಹೊಸಿಲು ದಾಟಲಿಲ್ಲ. "ಸೂತಕ ಅದೆ ಟೀಚರ್, ನಾ ಇಲ್ಲೇ ನಿಂತ್ಕಂತೆ," ಎಂದು ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಅಂಗಳದಲ್ಲೇ ನಿಂತಳು.

"ಸೂತಕ ನಿನ್ನ ಮನೆಯದು, ಮಳೆ ಎಲ್ಲರದು. ಒಳಗೆ ಬಾ," ಎಂದರು ಪರಮೇಶ್ವರಿ ಟೀಚರ್.

ಅದು ಎರಡು ಸಾವಿರದ ಆರರ ಆಷಾಢ. ಅಂಕೋಲೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಪರಮೇಶ್ವರಿ ಟೀಚರನ್ನು ಊರಿನವರು ನೆಮ್ಮದಿಯಾಗಿ ಕೂರಲು ಬಿಟ್ಟಿರಲಿಲ್ಲ. ಕಾಣೆಯಾದ ಎಮ್ಮೆಯಿರಲಿ, ಸುಳ್ಳು ಉಯಿಲಿರಲಿ, ಜನ ಮೊದಲು ಬಡಿಯುತ್ತಿದ್ದುದು ಅವರ ಬಾಗಿಲು, ಆಮೇಲೆ ಪೊಲೀಸರದು. ಅವರನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಊರೂರು ತಿರುಗಿಸುವ ಕೆಲಸ ಅಗಸೂರಿನ ಹುಲಿಯಾ ಗೌಡನದು. ಹತ್ತನೇ ಇಯತ್ತೆಯಲ್ಲಿ ಅವರ ಕೈಯಲ್ಲೇ ಎರಡು ಸಲ ನಪಾಸಾದವನು ಈಗ ಮನೆಮನೆಗೆ ಸೋಲಾರ್ ಕೂರಿಸಿ ಬದುಕುತ್ತಿದ್ದ.

ಪ್ರೇಕ್ಷಾಳನ್ನು ಕಂಡದ್ದೇ ಒಳಗೆ ಕೂತಿದ್ದ ಹುಲಿಯಾನಿಗೆ ಎಲ್ಲಾದರೂ ಅಡಗಬೇಕೆನಿಸಿತು. ಮಾಜಾಳಿಯ ಅವಳ ಮನೆಗೆ ಬ್ಯಾಟರಿ ಹಾಕಿಕೊಟ್ಟವನು ಅವನೇ.

"ಮಾವ ತೀರ್ಕಂಡು ಐದು ದಿನ ಆಯ್ತು," ಎಂದಳು ಪ್ರೇಕ್ಷಾ. "ಕೊಂದದ್ದು ನಾನು ಅಂತ್ರು ಅತ್ತೆ. ನಾ ದಿನಾ ಆ ಸೋಲಾರ್ ಬ್ಯಾಟರಿಯಲ್ಲಿ ಮೊಬೈಲ್ ಚಾರ್ಜ್ ಮಾಡಿದ್ದು ಹೌದು. ಸುಳ್ಳು ಹೇಳೂದಿಲ್ಲ. ಹನ್ನೊಂದನೇ ದಿನ ಮುಗದ್ಕೂಡ್ಲೆ ಅರ್ಗಾಕ್ಕೆ, ತವರಿಗೆ ಹೋಗು ಅಂದಿದ್ರು. ಹೋಗ್ತೆ. ಆದ್ರೆ ಮಾವನ ಉಸಿರು ತೆಗದದ್ದು ನಾನೇ ಹೌದಾ? ಅಷ್ಟು ಮಾತ್ರ ಹೇಳಿ ಟೀಚರ್."

ಮಾವ ರಾಮಾ ನಾಯ್ಕರಿಗೆ ದಮ್ಮು. ದಿನಕ್ಕೆ ಮೂರು ಸಲ ಔಷಧಿಯ ಹಬೆ ಕೊಡುವ ಯಂತ್ರ ಬೇಕಿತ್ತು. ಮಳೆಗಾಲದ ಕರೆಂಟನ್ನು ನಂಬಿದವರುಂಟೇ ಎಂದು ಸೋಲಾರ್ ಹಾಕಿಸಿದ್ದರು. ಆಷಾಢದಲ್ಲಿ ಮರ ಬಿದ್ದು ಊರಿಗೆ ಊರೇ ಕತ್ತಲಾಯಿತು, ಫೋನಿನ ಟವರೂ ಸತ್ತಿತು, ಮೋಡ ಕದಲಲಿಲ್ಲ. "ಮೋಡದ ದಿನಗಳಲ್ಲಿ ಯಂತ್ರ ಮೂರು ಸಲ, ಸಣ್ಣ ದೀಪ ಒಂದು ಗಂಟೆ, ಬೇರೆ ಏನೂ ಬೇಡ. ಬಿಸಿಲಿಲ್ಲದೆಯೂ ಹದಿನೈದು ದಿನ ಬರುತ್ತದೆ," ಎಂದು ಹುಲಿಯಾನೇ ಹೇಳಿ ಬಂದಿದ್ದ. ಹತ್ತನೇ ದಿನದ ಬೆಳಗಿನ ಜಾವ ಯಂತ್ರ ಕುಂಯ್‌ಗುಟ್ಟಿ ನಿಂತಿತು. ಬೆಳಕು ಹರಿಯುವ ಮೊದಲು ರಾಮಾ ನಾಯ್ಕರೂ ನಿಂತರು.

"ಬಣ್ಣದ ದೀಪ ಇತ್ತಲ್ಲ, ಬ್ಯಾಟರಿ ಖಾಲಿಯಾದ್ರೆ ಕೆಂಪು ತೋರ್ಸೂದು? ಅದನ್ನ ನೋಡಲಿಲ್ಲವಾ?" ಎಂದು ಕೇಳಿದ ಹುಲಿಯಾ.

"ಕಣ್ಣಿಗೆ ಚುಚ್ತದೆ ಅಂದೇಳಿ ಮಾವ ಅದ್ರ ಮೇಲೆ ಟುವಾಲು ಹಾಕಿದ್ರು."

ಟೀಚರ್ ಕನ್ನಡಕ ಒರೆಸಿಕೊಂಡರು. ಪ್ರೇಕ್ಷಾ ದನಿ ತಗ್ಗಿಸಿದಳು. "ಇನ್ನೊಂದು ಅದೆ. ನನ್ನ ಗಂಡ ಸುಜಯ ಹೋದ ವರ್ಷ ಇದೇ ಆಷಾಢದಲ್ಲಿ ದೋಣಿ ತಕಂಡು ಗಾಳ ಹಾಕೂಕೆ ಹೋದವ್ರು ಬರಲಿಲ್ಲ. ದೋಣಿ ಮಗುಚಿ ದಡಕ್ಕೆ ಬಂತು, ಅವ್ರು ಸಿಗಲೇ ಇಲ್ಲ. ಈ ವರ್ಷ ಮೋಡ ಕವಿದಲ್ಲಿಂದ ಮಾವನ ಕೋಣೆಯ ಪಡುಕಿಟಕಿಯಲ್ಲಿ ಮುಸ್ಸಂಜೆಗೆ ಬೆಳಕು ಕಾಣ್ತದಂತೆ. ಮಾವ ಸತ್ತ ಮೇಲೂ ಕಾಣ್ತದೆ. ಪಂಚಕದ ಕೆಟ್ಟ ನಕ್ಷತ್ರದಲ್ಲಿ ಜೀವ ಹೋಯ್ತು ಅಂದೇಳಿ ಆ ಕೋಣೆಗೆ ಮೂರು ತಿಂಗಳಿಗೆ ಬೀಗ ಹಾಕಿ ಬಾಗಿಲಿಗೆ ಮುಳ್ಳು ಸಿಕ್ಸಿದ್ರು. ಒಳಗೆ ಜನ ಇಲ್ಲ, ಬ್ಯಾಟರಿಯಲ್ಲಿ ಜೀವ ಇಲ್ಲ. ಮತ್ತೆ ಬೆಳಕು ಯಾರ್ದು? ಸುಜಯ ಅಪ್ಪನ್ನ ಕರಕಂಡು ಹೋದ, ಇನ್ನು ಹೆಂಡ್ತಿ ಸರದಿ ಅಂತ್ರು ಊರವ್ರು."

ಹುಲಿಯಾನ ತೋಳಿನ ರೋಮ ಎದ್ದು ನಿಂತಿತು. ಭೂತಕ್ಕೆ ಹೆದರುವುದಿಲ್ಲ ಎಂದು ಅವನು ನೂರು ಸಲ ಹೇಳಿದ್ದ, ಆದರೆ ಎಲ್ಲವನ್ನೂ ಹಗಲಲ್ಲೇ ಹೇಳಿದ್ದ.

ಅವರು ಮಾಜಾಳಿ ಮುಟ್ಟುವಾಗ ಸಂಜೆ ನಾಲ್ಕು. ದಾರಿಯಲ್ಲಿ ಕಾಳಿ ನದಿಯ ಸೇತುವೆಯ ಕೆಳಗೆ ನೀರು ಕೆಂಪು ಮಣ್ಣಿನ ಗಂಜಿಯಾಗಿತ್ತು. ಸಮುದ್ರಕ್ಕೆ ಮುಖ ಮಾಡಿದ ಆ ಮನೆಗೆ, ಮಳೆ ಹೊಡೆಯದಿರಲೆಂದು, ಸುತ್ತ ತೆಂಗಿನ ಮಡಲಿನ ತಟ್ಟಿ ಕಟ್ಟಿದ್ದರು. ಟೀಚರ್ ಒಳಗೆ ಹೋಗದೆ ಸೀರೆ ಎತ್ತಿ ಕಟ್ಟಿ ಮನೆಗೊಂದು ಸುತ್ತು ಬಂದರು. ರಾಮಾ ನಾಯ್ಕರ ಹೆಂಡತಿ ಹೀರಾ ಜಗಲಿಯಿಂದಲೇ ಗದರಿದರು.

"ಪತ್ತೆ ಮಾಡೂಕೆ ಎಂತ ಇತ್ತು ಇಲ್ಲಿ? ಇವ್ರು ತೀರ್ಕಂಡ ಮೇಲೆ ಇವಳ ಮೊಬೈಲು, ಚಾರ್ಜರು ಎರಡನ್ನೂ ಕಪಾಟಲ್ಲಿಟ್ಟು ಬೀಗ ಹಾಕಿದ್ದೆ. ಟವರೇ ಇರ್ಲಿಲ್ಲ, ಯಾರ ಹತ್ರ ಮಾತಾಡೂಕೆ ಚಾರ್ಜು?"

ಚಪ್ಪರದ ಹಗ್ಗದ ಮೇಲೆ ರಾಮಾ ನಾಯ್ಕರ ಪಂಚೆ ಒಣಗಲಾರದೆ ನೇತಾಡುತ್ತಿತ್ತು. ಟೀಚರ್ ಅದನ್ನು ಬೆಳಕಿಗೆ ಹಿಡಿದರು. ಮೊಣಕಾಲಿನ ಮಟ್ಟದಲ್ಲಿ ಅದು ಜರಡಿಯಾಗಿತ್ತು.

"ಜಿರಲೆ ತಿಂದದ್ದು," ಎಂದರು ಹೀರಾ. "ಈ ಮಹಾರಾಣಿ ಪೆಟ್ಟಿಗೆಗೆ ಡಾಂಬರು ಗುಳಿಗೆ ಹಾಕಿದ್ರೆ ತಾನೆ?"

ಬದಿಯಲ್ಲಿ ಪ್ಲಾಸ್ಟಿಕ್ ಹೊದ್ದು ಒಂದು ಬೈಕು ನಿಂತಿತ್ತು. ಗಾಡಿ ಕಂಡರೆ ಸುಮ್ಮನಿರಲಾರದ ಹುಲಿಯಾ ಹೊದಿಕೆ ಎತ್ತಿದ್ದೇ ತಡ, ಹೀರಾ ಜಗಲಿಯಿಂದ ಇಳಿದು ಬಂದರು. "ಮುಟ್ಬೇಡ! ಸುಜಯಂದು ಅದು. ಹೋದ ವರ್ಷದಿಂದ ಯಾರೂ ಮುಟ್ಲಿಲ್ಲ." ಅವರ ದನಿ ಒಮ್ಮೆಲೇ ಸೊರಗಿತು. "ಗೋವಾದಲ್ಲಿ ಕೆಲ್ಸ ಅವಂಗೆ. ದಿನಾ ಕತ್ತಲಾದ ಮೇಲೆ ಬರೂದು. ತಿರುವಲ್ಲಿ ಈ ಗಾಡಿ ದೀಪ ಕಂಡ್ರೆ ಇವ್ರು ಇಲ್ಲಿಂದ್ಲೇ ಕೂಗೂರು, 'ಮಗ ಬಂದ, ಅನ್ನ ಬಡಿಸು' ಅಂದೇಳಿ."

ಹುಲಿಯಾ ಹೊದಿಕೆ ಬಿಟ್ಟ. ಆದರೆ ಅಷ್ಟರಲ್ಲೇ ನೋಡಬಾರದ್ದನ್ನು ನೋಡಿದ್ದ. ಬೈಕಿಗೆ ಹೆಡ್‌ಲೈಟ್ ಇರಲಿಲ್ಲ, ಅದಿದ್ದ ಜಾಗ ಕಣ್ಣು ಕಿತ್ತ ಮುಖದ ಹಾಗೆ ಬರಿದಾಗಿತ್ತು. ಟೀಚರ ಕಿವಿಯಲ್ಲಿ ಹೇಳಿದರೆ ಅವರು "ಹೂಂ" ಎಂದರು ಅಷ್ಟೆ.

ಮುಚ್ಚಿದ ಕೋಣೆಯ ಪಡುಕಿಟಕಿಯ ಹೊರಗೆ ತಟ್ಟಿಯ ಬುಡದಲ್ಲಿ ಮಳೆಹುಳಗಳ ರೆಕ್ಕೆ ಬೊಗಸೆಗಟ್ಟಲೆ ಬಿದ್ದು ಕೊಳೆಯುತ್ತಿದ್ದವು. ಬೇರೆ ಯಾವ ಗೋಡೆಯ ಬುಡದಲ್ಲೂ ಅಷ್ಟಿರಲಿಲ್ಲ. ತಟ್ಟಿಯಲ್ಲಿ ಗೇಣುದ್ದದ ಚೌಕ ಕತ್ತರಿಸಿದ್ದರು. ಕತ್ತರಿಸಿದ ತುಂಡನ್ನು ತೆಂಗಿನ ನಾರಿನ ಹುರಿಯಿಂದ ಒಳಗಿನಿಂದಲೇ ಮೇಲೆತ್ತಿ ಕಟ್ಟಿದ್ದರು.

ದಡದಲ್ಲಿ ತೇಲಿಬಂದ ಕಟ್ಟಿಗೆ ಆರಿಸುವ ಗಂಗಿಯನ್ನು ಟೀಚರ್ ಕರೆಸಿದರು. "ಕಂಡದ್ದು ನಾನೇ," ಎಂದಳು ಅವಳು, ಎದೆ ಮುಟ್ಟಿಕೊಂಡು. "ಕಟ್ಟಿಗೆ ಹೊರೆ ಅಲ್ಲೇ ಬಿಸಾಕಿ ಓಡಿದ್ದೆ."

"ಬಿಳಿ ಬೆಳಕಾ, ಕೆಂಪಾ?"

"ಮುದುಕ್ರು ಇರೂ ತನಕ ಬೆಳ್ಳಗೆ, ದೂರದ ತನಕ. ಅವ್ರು ಸತ್ತ ಮೇಲೆ ಕೆಂಪು. ಕೆಂಡದ ಹಾಂಗೆ, ಚೂರೇ ಚೂರು ಹೊತ್ತು."

ಅಂದಿನ ಮುಸ್ಸಂಜೆ ಅವರೆಲ್ಲ ದಡದಲ್ಲೇ ನಿಂತರು. ಕಡಲು ಒಂದೇ ಸಮ ಮೊರೆಯುತ್ತಿತ್ತು. ಕತ್ತಲು ಇಳಿದಂತೆ ತಟ್ಟಿಯ ಚೌಕದೊಳಗೆ ಏನೋ ಕೆಂಪಗೆ ಮೂಡಿತು. ಯಾರೋ ಅಳುಕುತ್ತಾ ಕಣ್ಣು ತೆರೆದಂತಿತ್ತು. ಹೀರಾ ಸೆರಗು ಬಾಯಿಗೆ ಒತ್ತಿಕೊಂಡರು. ಪ್ರೇಕ್ಷಾ ಒಂದು ಹೆಜ್ಜೆ ಮುಂದೆ ಹೋದಳು. ಹೆದರಿ ಹಿಂದೆ ಸರಿಯುವ ಬದಲು ಮುಂದೆ ಹೋದದ್ದನ್ನು ಹುಲಿಯಾ ಕಂಡ. ಬೆಳಕು ಸ್ವಲ್ಪ ಹೊತ್ತು ಮಿಣುಗಿ ಆರಿತು.

"ನಡೀರಿ ಜಗಲಿಗೆ," ಎಂದರು ಟೀಚರ್.

ಕಂದೀಲಿನ ಸುತ್ತ ಹೀರಾ, ಪ್ರೇಕ್ಷಾ, ಗಂಗಿ ಕೂತರು. ಟೀಚರ್ ಹುಲಿಯಾನನ್ನು ಎಬ್ಬಿಸಿ ನಿಲ್ಲಿಸಿದರು, ಹತ್ತನೇ ಇಯತ್ತೆಯಲ್ಲಿ ನಿಲ್ಲಿಸುತ್ತಿದ್ದಂತೆಯೇ.

"ಬ್ಯಾಟರಿ ಒಂದು ಕೊಡ ನೀರು ಅಂತಿಟ್ಟುಕೋ. ಮೊಬೈಲು ದಿನಕ್ಕೆ ಎಷ್ಟು ಕುಡಿಯುತ್ತದೆ?"

"ಒಂದು ಚಮಚ ಟೀಚರ್. ಒಂಬತ್ತು ದಿನಕ್ಕೆ ಒಂಬತ್ತು ಚಮಚ."

"ಕೊಡ ಖಾಲಿಯಾಗುತ್ತದಾ?"

"ತಿಂಗಳು ಕುಡಿದ್ರೂ ಆಗೂದಿಲ್ಲ."

"ಕೇಳಿದಿರಾ ಹೀರಾಬಾಯಿ? ಇವಳು ಕೊಲ್ಲಲಿಲ್ಲ. ಹಾಗಾದರೆ ದಿನಾ ತಂಬಿಗೆಗಟ್ಟಲೆ ಕುಡಿದದ್ದು ಇನ್ನೊಂದಿದೆ. ಮುಸ್ಸಂಜೆಯ ಬೆಳಕು ಗಂಗಿಗೆ ಕಂಡಿತ್ತು. ಹುಳಗಳೂ ಅದನ್ನು ಕಂಡು ಬಂದು ಸತ್ತವು. ಭೂತದ ಬೆಳಕಿಗೆ ಮಳೆಹುಳ ಮುತ್ತುವುದನ್ನು ನಾನಂತೂ ಕೇಳಿಲ್ಲ. ಆ ಚೌಕಕ್ಕೆ ಕಟ್ಟಿದ ಹುರಿಯ ಗಂಟು ಒಳಗಿದೆ, ಅಂದರೆ ಹಚ್ಚಿದವರು ಕೋಣೆಯ ಒಳಗಿನವರು."

"ಒಳಗೆ ಅವ್ರು ಒಬ್ರೇ ಮಲಗೂದು," ಎಂದರು ಹೀರಾ, ಕೂಡಲೇ ತಾವು ಹೇಳಿದ್ದು ತಮಗೇ ಕೇಳಿಸಿ ಬೀಗ ಹಾಕಿದ ಬಾಗಿಲ ಕಡೆ ತಿರುಗಿದರು.

"ಹೌದು. ಪಂಚೆ ಜಿರಲೆ ತಿಂದದ್ದಲ್ಲ. ಜಿರಲೆಗೆ ಮೊಣಕಾಲೇ ಬೇಕೆಂಬ ಹಟವಿಲ್ಲ. ಬ್ಯಾಟರಿ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತವರ ಬಟ್ಟೆಗೆ ಆಸಿಡ್ ಸಿಡಿದರೆ ಹಾಗಾಗುತ್ತದೆ. ಹುಲಿಯಾ, ನಿನ್ನ ಪ್ಯಾಂಟು ತೋರಿಸು."

ಹುಲಿಯಾ ಮೊಣಕಾಲು ತೋರಿಸಿದ. ಅಲ್ಲೂ ಜರಡಿ. ಬೆಳಿಗ್ಗೆಯಿಂದ ಅದನ್ನೇ ತೊಟ್ಟು ತಿರುಗುತ್ತಿದ್ದವನಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

"ಬೈಕಿನ ಹೆಡ್‌ಲೈಟ್ ಕಾಣೆ. ಬೈಕಿನ ದೀಪಕ್ಕೂ ಈ ಬ್ಯಾಟರಿಗೂ ಕರೆಂಟು ಒಂದೇ ಜಾತಿಯದು, ನೇರ ಸಿಕ್ಕಿಸಿದರೆ ಉರಿಯುತ್ತದೆ. ನೇರ ಸಿಕ್ಕಿಸಿದರೆ ಹುಲಿಯಾ ಕೂರಿಸಿದ ಬಣ್ಣದ ದೀಪದ ಸಾಧನ ಅದನ್ನು ತಡೆಯಲಾರದು, ಕೆಂಪು ತೋರಿಸಬಲ್ಲುದು ಅಷ್ಟೆ. ಆ ಕೆಂಪಿನ ಮೇಲೆ ಟುವಾಲು ಬಿತ್ತು. ಕೊನೆಯ ಬೆಳಗಿನ ಜಾವ ಹೆಡ್‌ಲೈಟನ್ನು ಕಳಚುವಷ್ಟು ಶಕ್ತಿ ಅವರಿಗೆ ಉಳಿದಿರಲಿಲ್ಲ. ಹಾಗಾಗಿ ದೀಪ ಇನ್ನೂ ಅಲ್ಲೇ ಇದೆ. ಮೋಡದಲ್ಲೂ ಸೋಲಾರ್ ಚೂರು ಚೂರು ಕೊಡುತ್ತದೆ. ಕೊಟ್ಟದ್ದನ್ನೆಲ್ಲ ಆ ದೀಪ ಹಗಲಿಡೀ ಕುಡಿಯುತ್ತಿದೆ. ಹಗಲಲ್ಲಿ ನಮಗೆ ಕಾಣದು, ಕತ್ತಲಾದಾಗ ಉಳಿದ ಒಂದು ಗುಟುಕು ಸಾಲದೆ ಕೆಂಪಗೆ ಕಾಣುತ್ತದೆ. ಅದೇ ಗಂಗಿಯ ಕೆಂಡ."

"ಸುಳ್ಳು!" ಹೀರಾ ಎದ್ದು ನಿಂತರು. "ಉಸಿರಿಗೆ ಇಟ್ಟ ಕರೆಂಟು ತೆಗದು ಯಾರಾದ್ರೂ ಸಮುದ್ರಕ್ಕೆ ದೀಪ ಹಿಡೀತ್ರಾ?"

ಟೀಚರ್ ಬೈಕಿನ ಕಡೆ ನೋಡಿದರು. ತಿರುವಿನಲ್ಲಿ ಕಾಣುತ್ತಿದ್ದ ಆ ದೀಪದ ಮಾತನ್ನು ಹೇಳಿದವರು ಹೀರಾ ಅವರೇ. ಅದು ಅವರಿಗೆ ನೆನಪಾಗುವುದನ್ನು ಎಲ್ಲರೂ ನೋಡುತ್ತಾ ಕೂತರು.

ಹೀರಾ ಕಂದೀಲು ಎತ್ತಿಕೊಂಡು ಒಳಗೆ ನಡೆದರು. ಮೂರು ತಿಂಗಳು ತೆಗೆಯಬಾರದ ಮುಳ್ಳನ್ನು ಬರಿಗೈಯಲ್ಲಿ ಕಿತ್ತರು, ರಕ್ತ ಬಂದ ಅಂಗೈಯಲ್ಲೇ ಬೀಗ ತೆರೆದರು. ಮಂಚದ ಕೆಳಗಿನ ಪೆಟ್ಟಿಗೆಯ ಮುಚ್ಚಳವನ್ನು ಹುಲಿಯಾ ತೆರೆದ. ಬ್ಯಾಟರಿಗೆ ಎರಡು ಚಿಮಟ ಕಚ್ಚಿದ್ದವು. ಅವುಗಳ ತಂತಿ ಗೋಡೆ ಹತ್ತಿ ಕಿಟಕಿಯ ಸರಳಿಗೆ ಹೋಗಿತ್ತು. ಅಲ್ಲಿ ಪರದೆಯ ಹಿಂದೆ ಸುಜಯನ ಹೆಡ್‌ಲೈಟು ಸಮುದ್ರಕ್ಕೆ ಮುಖ ಮಾಡಿ ಕೂತಿತ್ತು.

"ಈ ಬೆಳಕಾದ್ರೆ ಅವಂಗೆ ಗುರ್ತು ಸಿಗ್ತದೆ ಅಂದೇಳಿ," ಎಂದರು ಹೀರಾ, ತಮಗೆ ತಾವೇ.

"ಸಾಯ್ತೆ ಅಂತ ಮಾವಂಗೆ ಗೊತ್ತಿತ್ತಾ?" ಎಂದು ಕೇಳಿದಳು ಪ್ರೇಕ್ಷಾ.

"ಖಾಲಿಯಾಗುತ್ತಿದೆಯೆಂದು ಗೊತ್ತಿತ್ತು. ಆದರೆ ಸಾಯಬೇಕೆಂದು ಮಾಡಿದ್ದಲ್ಲ ಮಗಾ. ನಾಳೆ ಬಿಸಿಲು ಬಿದ್ದೀತು ಅಂದುಕೊಂಡಿರಬೇಕು. ಒಂಬತ್ತು ಸಲ ಹಾಗೇ ಅಂದುಕೊಂಡರು." ಟೀಚರ ದನಿ ನಡುಗಿದ್ದನ್ನು ಹುಲಿಯಾ ಮೊದಲ ಬಾರಿ ಕೇಳಿದ.

ಹೀರಾ ಮಂಚದ ತುದಿಯಲ್ಲಿ ಕೂತರು. ಆಮೇಲೆ ಸೊಸೆಯ ಕಡೆ ತಿರುಗಿದರು. "ಟವರಿಲ್ಲದ ಫೋನು ನೀ ಎಂತಕ್ಕೆ ದಿನಾ ಚಾರ್ಜ್ ಮಾಡೂದು?"

ಪ್ರೇಕ್ಷಾ ನೆಲ ನೋಡಿದಳು. "ಟವರು ಯಾವಾಗ ಬತ್ತದೋ ಗೊತ್ತಿರ್ಲಿಲ್ಲ ಅತ್ತೆ. ಅವ್ರಿಗೆ ನನ್ನ ನಂಬರೊಂದೇ ಬಾಯಿಪಾಠ ಬರೂದು."

ಹೀರಾ ಎದ್ದು ಕಪಾಟಿನ ಬೀಗ ತೆರೆದರು. ಫೋನನ್ನೂ ಚಾರ್ಜರನ್ನೂ ತಂದು ಹುಲಿಯಾನ ಕೈಗಿಟ್ಟರು. "ಇದ್ಕೆ ಸಾಕಾಗೂವಷ್ಟು ಉಳದದೆಯಾ?"

"ಇವತ್ತು ಎಂತದೂ ಇಲ್ಲ ಅಮ್ಮಾ. ನಾಲ್ಕು ದಿನ ಗಟ್ಟಿ ಬಿಸಿಲು ಬಿದ್ರೆ ದೀಪಕ್ಕೂ ಆಗ್ತದೆ, ಫೋನಿಗೂ ಆಗ್ತದೆ."

"ಬೀಳ್ತದೆ," ಎಂದರು ಹೀರಾ. "ಅರ್ಗಾಕ್ಕೆ ಹೋಗೂದು ಬೇಡ ಪ್ರೇಕ್ಷಾ. ಫೋನು ಬಂದ್ರೆ ಎತ್ತೂಕೆ ಮನೇಲಿ ನೀ ಬೇಕಲ್ಲ."

ಅವರು ಹೊರಟಾಗ ಅತ್ತೆ ಸೊಸೆ ಇಬ್ಬರೂ ಜಗಲಿಯಲ್ಲಿ ದಾರಿಯ ಕಡೆ ನೋಡುತ್ತಾ ನಿಂತಿದ್ದರು. ಹುಲಿಯಾ ಗಾಡಿ ಚಾಲೂ ಮಾಡಿದ, ಆದರೆ ತಿರುವು ದಾಟುವ ತನಕ ಹೆಡ್‌ಲೈಟ್ ಹಚ್ಚಲಿಲ್ಲ. ಕತ್ತಲಲ್ಲಿ ಎರಡು ಹೊಂಡಕ್ಕೆ ಬಿದ್ದೆದ್ದರೂ ಟೀಚರ್ ಯಾಕೆಂದು ಕೇಳಲಿಲ್ಲ.