ಖಾಲಿ ಗಂಟು

ಮಕ್ಕಳ ಮಂಡಿ ತರಚುವ ಮೊದಲು ಮೇಷ್ಟ್ರ ಮಂಡಿಯೇ ತರಚಿತ್ತು. ಶಾಲೆಗೆ ಹೊಸದಾಗಿ ಬಂದ ಪಿ.ಟಿ. ಮೇಷ್ಟ್ರು ಮೊದಲ ದಿನವೇ ಕುಂಟುತ್ತಾ ನನ್ನ ಫಸ್ಟ್ ಏಡ್ ರೂಮಿಗೆ ಬಂದು ಸ್ಟೂಲಿನ ಮೇಲೆ ಕೂತರು.

“ಸ್ಕಿಪ್ಪಿಂಗ್ ಹೇಗೆ ಆಡ್ಬೇಕು ಅಂತ ತೋರಿಸ್ತಿದ್ದೆ.”

“ಹೇಗೆ ಬೀಳ್ಬೇಕು ಅಂತಾನೂ ತೋರಿಸಿದ್ರಲ್ಲ,” ಅಂದೆ.

ಔಷಧಿಯ ಉರಿಗೆ ಮುಖ ಕಿವುಚಿಕೊಂಡೇ ನಕ್ಕರು. “ನೀವು ನಗಿಸ್ತಾ ಉರಿಸ್ತೀರ ಮೇಡಂ.”

ಹೆಡ್‌ಮಾಸ್ಟರಿಂದ ವಾಚ್‌ಮನ್‌ವರೆಗೆ ಎಲ್ಲರಿಗೂ ನಾನು ‘ಸಿಸ್ಟರ್’. ಇವರೊಬ್ಬರು ಮಾತ್ರ ಎಂದೂ ಹಾಗೆ ಕರೆಯಲಿಲ್ಲ. ಯಾಕೆಂದು ಹೊಳೆಯಲು ನನಗೆ ಬಹಳ ಕಾಲ ಹಿಡಿಯಿತು. ಇಂಥ ವಿಷಯದಲ್ಲಿ ನಾನು ಟ್ಯೂಬ್‌ಲೈಟ್.

“ವಾರಕ್ಕೆ ಎರಡು ಪಿರಿಯಡ್ ಬಿಟ್ರೆ ಈ ಮಕ್ಕಳು ಮೈ ಅಲ್ಲಾಡಿಸೋದೇ ಇಲ್ಲ,” ಅಂದರು. “ಮನೆ ಬಾಗಿಲಲ್ಲಿ ವ್ಯಾನ್ ಹತ್ತಿ ಶಾಲೆ ಬಾಗಿಲಲ್ಲಿ ಇಳೀತಾರೆ. ಸಂಜೆ ಮೊಬೈಲ್ ಹಿಡಿದು ಕೂರ್ತಾರೆ. ಇವರನ್ನ ನಡೆಸ್ಬೇಕು.”

ಅದಕ್ಕೊಂದು ಉಪಾಯವನ್ನೂ ಹೂಡಿದ್ದರು. ಉದ್ದನೆಯ ಹಗ್ಗ, ಅದರ ತುಂಬ ಗಂಟುಗಳು, ಗಂಟಿಗೊಂದು ಮಗು. ವ್ಯಾನುಗಳು ನೀರಿನ ಟ್ಯಾಂಕಿನ ಹತ್ತಿರವೇ ನಿಲ್ಲಬೇಕು, ಅಲ್ಲಿಂದ ಎಲ್ಲರೂ ಹಗ್ಗ ಹಿಡಿದು ನಡೆದು ಬರಬೇಕು. ಮುಂದಿನ ತುದಿ ದೊಡ್ಡ ತರಗತಿಯ ಹುಡುಗಿಯ ಕೈಯಲ್ಲಿ, ಹಿಂದಿನ ತುದಿ ಮೇಷ್ಟ್ರ ಕೈಯಲ್ಲಿ. ಮುಂದಿದ್ದವರು ಹಿಂತಿರುಗಿ ನೋಡಬಾರದು, ನೋಡಿದರೆ ಸಾಲೆಲ್ಲ ಸಿಕ್ಕುಸಿಕ್ಕಾಗುತ್ತದೆ.

ಮೂಲೆಯಲ್ಲಿ ಕೂತಿದ್ದ ಹುಡುಗಿಯತ್ತ ನೋಡಿದರು. “ನಿಮ್ಮ ಪುಟ್ಟಿನೂ ಬರಲಿ.”

ಬ್ಯಾಂಡೇಜ್ ಸುತ್ತುತ್ತಿದ್ದ ನನ್ನ ಕೈ ನಿಂತಿತು. “ಅವಳು ಬೇಡ.”

ಪುಟ್ಟಿ ನನ್ನ ಅಕ್ಕನ ಮಗಳು. ಅಕ್ಕನಿಗೆ ಅಸ್ತಮಾ ಇತ್ತು. ಒಂದು ಮಧ್ಯಾಹ್ನ ಮೆಟ್ಟಿಲು ಹತ್ತುವಾಗ ಬಂದ ಉಬ್ಬಸ ಅವಳನ್ನು ಕರೆದುಕೊಂಡೇ ಹೋಯಿತು. ಆಗ ನಾನು ಆಸ್ಪತ್ರೆಯ ಡ್ಯೂಟಿಯಲ್ಲಿ ಯಾರದೋ ಬಿ.ಪಿ. ನೋಡುತ್ತಿದ್ದೆ. ಮಗುವಿನದೂ ಅದೇ ಎದೆ. ಅಂದಿನಿಂದ ನನ್ನ ಕಿವಿ ಅವಳ ಉಸಿರಿನ ಮೇಲೇ ಇತ್ತು. ಓಡಾಡಲಿ ಬಿಡಿ, ಎದೆ ಗಟ್ಟಿಯಾಗುತ್ತೆ ಎಂದು ಡಾಕ್ಟರು ಸಾರಿ ಸಾರಿ ಹೇಳಿದ್ದರು. ನಾನು ಕೇಳಬೇಕಲ್ಲ! ಆಟದ ಪಿರಿಯಡ್ಡಿನಲ್ಲೂ ಅವಳನ್ನು ನನ್ನ ರೂಮಿನಲ್ಲೇ ಕೂರಿಸಿಕೊಳ್ಳುತ್ತಿದ್ದೆ. ಹಾವು ಕಚ್ಚಿದವರು ಹಗ್ಗ ಕಂಡರೂ ಹೆದರುತ್ತಾರಂತೆ. ನಾನಂತೂ ನಿಜವಾಗಿ ಹಗ್ಗಕ್ಕೇ ಹೆದರಿದೆ.

ಸಾಲು ಶುರುವಾಯಿತು. ದಿನಾ ಬೆಳಿಗ್ಗೆ ನಾನೂ ಪುಟ್ಟಿಯೂ ಕಿಟಕಿಯಿಂದ ನೋಡುತ್ತಿದ್ದೆವು. ಕೊನೆಯಲ್ಲಿ ಬರುವ ಮೇಷ್ಟ್ರು ಕಿಟಕಿಯತ್ತ ನೋಡುವರು. ನಾನು ನೋಡಿದೆನೋ, ಅಲ್ಲೇನೋ ಹಾರುತ್ತಿದೆ ಎಂಬಂತೆ ಆಕಾಶ ನೋಡುವರು. ನಾನೂ ಏನು ಕಡಿಮೆ? ಸುತ್ತಿಟ್ಟ ಹತ್ತಿಯನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದೆ.

“ಚಿಕ್ಕಮ್ಮಾ, ಮೇಷ್ಟ್ರ ಮುಂದಿನ ಗಂಟು ಯಾಕೆ ಖಾಲಿ ಇದೆ ಗೊತ್ತಾ?”

“ಯಾಕಂತೆ?”

“ಅದು ನನ್ನದಂತೆ. ಬೇರೆ ಯಾರಿಗೂ ಕೊಡಲ್ವಂತೆ.”

ಜಗಳ ಆಡಲೆಂದೇ ಮೈದಾನಕ್ಕೆ ಹೋದೆ. “ಮಗು ಮನಸ್ಸು ಕೆಡಿಸ್ತಿದೀರ ನೀವು!”

“ಬಲವಂತ ಮಾಡ್ತಿಲ್ಲ ಮೇಡಂ, ಜಾಗ ಇಟ್ಟಿದೀನಿ ಅಷ್ಟೇ. ನಿಮ್ಮ ಭಯ ಸುಳ್ಳು ಅಂತಾನೂ ನಾನು ಹೇಳಲ್ಲ. ಭಯ ಇಟ್ಕೊಂಡೇ ಕಳಿಸಿ. ಪ್ರತಿ ತಿರುವಲ್ಲೂ ವಿಜಲ್ ಹಾಕ್ತೀನಿ. ವಿಜಲ್ ಕೇಳಿಸ್ತು ಅಂದ್ರೆ ಅವಳ ಉಸಿರು ಸರಿ ಇದೆ ಅಂತ.”

“ಒಂದು ತಿರುವೂ ತಪ್ಪಬಾರದು,” ಎಂದಷ್ಟೇ ಹೇಳಿ ಬಂದೆ. ಮರುದಿನದಿಂದ ಪುಟ್ಟಿಯನ್ನು ಟ್ಯಾಂಕಿನ ಹತ್ತಿರ ಬಿಟ್ಟು, ಆಟೋದಲ್ಲಿ ಮುಂದೆ ಬಂದು, ಕಿಟಕಿ ತೆರೆದು ನಿಲ್ಲುವುದೇ ನನ್ನ ಕೆಲಸವಾಯಿತು. ಬೇಕರಿ ತಿರುವಿನ ವಿಜಲ್ ಸಣ್ಣಗೆ ಕೇಳುತ್ತಿತ್ತು. ಪೋಸ್ಟಾಫೀಸಿನದು ಸ್ವಲ್ಪ ಜೋರು. ಲಾಂಡ್ರಿಯದು ಕಿಟಕಿಯ ಕೆಳಗೇ ಊದಿದಂತಿರುತ್ತಿತ್ತು. ಅದು ಕೇಳಿದ ಮೇಲೆಯೇ ನಾನು ಸರಿಯಾಗಿ ಉಸಿರಾಡುತ್ತಿದ್ದೆ. ಪುಟ್ಟಿ ಕೇಳಿ ಕೇಳಿ ಊಟ ಹಾಕಿಸಿಕೊಳ್ಳತೊಡಗಿದಳು. ವಿಜಲ್ ಊದುವ ಮನುಷ್ಯನ ಮೇಲೆ ನನಗೆ ಆಸೆ ಹುಟ್ಟಿತ್ತು. ಆ ಆಸೆಗೂ ಹೆದರಿದೆ. ಪ್ರೀತಿಸಿದವರ ಉಸಿರು ಕಾಯುವುದು ಎಷ್ಟು ಕಷ್ಟವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಮೇಲೆ ಮಂಜು ಕವಿದ ಆ ಬೆಳಿಗ್ಗೆ ಬಂತು. ಬೇಕರಿಯ ವಿಜಲ್ ಕೇಳಿತು. ಪೋಸ್ಟಾಫೀಸಿನದೂ ಕೇಳಿತು. ಲಾಂಡ್ರಿಯದು ಕೇಳಲಿಲ್ಲ.

ಕಾದೆ. ಇಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ ಮಂಜು ಬಿಟ್ಟು ಏನೂ ಕಾಣಲಿಲ್ಲ. ಅಲಮಾರಿಯಿಂದ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಓಡಿದೆ. ಚಪ್ಪಲಿ ಗೇಟಿನಲ್ಲೇ ಉಳಿಯಿತು.

ಹಗ್ಗ ರಸ್ತೆಯ ಬದಿಗೆ ಬಿದ್ದಿತ್ತು. ಮಕ್ಕಳು ಗೋಡೆಗೆ ಒರಗಿ ಪಿಟ್ಟೆನ್ನದೆ ನಿಂತಿದ್ದರು. ಲಾಂಡ್ರಿಯ ಮೆಟ್ಟಿಲ ಮೇಲೆ ಪುಟ್ಟಿ ನೆಟ್ಟಗೆ ಕೂತಿದ್ದಳು, ಎದೆ ಸುಯ್‌ಗುಟ್ಟುತ್ತಿತ್ತು. ಅವಳ ಮುಂದೆ ಮೇಷ್ಟ್ರು ಮಂಡಿಯೂರಿದ್ದರು. ಅವಳ ಬ್ಯಾಗಿನಲ್ಲಿ ನಾನಿಟ್ಟಿದ್ದ ಇನ್‌ಹೇಲರ್ ಅವರ ಕೈಯಲ್ಲಿತ್ತು.

“ನಿಧಾನ. ಒಳಗೆ ತಗೋ... ಹಿಡ್ಕೋ... ಈಗ ಬಿಡು. ಶಭಾಷ್.”

ಅವರ ದನಿ ಶಾಂತವಾಗಿತ್ತು. ಹಣೆಯಲ್ಲಿ ಮಾತ್ರ ಆ ಚಳಿಯಲ್ಲೂ ಬೆವರು. ನಾನು ಪಕ್ಕದಲ್ಲಿ ಕುಸಿದು ಮಗುವಿನ ಬೆನ್ನಿಗೆ ಕೈಯಿಟ್ಟೆ. ಸುಯ್ ಶಬ್ದ ಇಳಿಯಿತು, ಮತ್ತೂ ಇಳಿಯಿತು, ನಿಂತಿತು. ಪುಟ್ಟಿ ನನ್ನ ಕೈ ನೋಡಿದಳು.

“ಚಿಕ್ಕಮ್ಮಾ, ಹತ್ತಿ ಯಾಕೆ ತಂದೆ?”

ನೋಡಿಕೊಂಡೆ. ಇಷ್ಟು ವರ್ಷ ನರ್ಸಾಗಿ, ಉಬ್ಬಸಕ್ಕೆ ಹತ್ತಿಯ ಉಂಡೆ ಹಿಡಿದು ಓಡಿ ಬಂದಿದ್ದೆ! ಮಕ್ಕಳು ಕಿಸಕ್ಕೆಂದರು. ನನಗೆ ಅಳು ಬಂತು.

“ವಿಜಲ್ ಯಾಕೆ ಹಾಕ್ಲಿಲ್ಲ?” ಎಂದು ಅವರ ಮೇಲೆ ರೇಗಿದೆ.

“ಹಾಕ್ಬಹುದಿತ್ತು. ನೀವು ಹೆದರ್ತಾ ಇರ್ಲಿಲ್ಲ. ಆದ್ರೆ ಅವಳ ಉಸಿರು ಸರಿ ಇರ್ಲಿಲ್ವಲ್ಲ ಮೇಡಂ. ಸುಳ್ಳು ವಿಜಲ್ ಊದೋಕೆ ಮನಸ್ಸು ಬರಲಿಲ್ಲ.” ತಲೆ ತಗ್ಗಿಸಿದರು. “ನನಗೂ ಜೀವ ಹೋದ ಹಾಗಾಯ್ತು. ಮಗುಗೆ ಏನಾದ್ರೂ ಆದ್ರೆ ಅನ್ನೋದು ಒಂದು ಭಯ. ನಾಳೆಯಿಂದ ನೀವು ಕಿಟಕಿ ಮುಚ್ಚಿಬಿಡ್ತೀರಿ ಅನ್ನೋದು ಇನ್ನೊಂದು. ಎರಡನೇದು ಸ್ವಾರ್ಥದ ಭಯ. ಬೈಯೋದಿದ್ರೆ ಅದಕ್ಕೆ ಬೈಯಿರಿ.”

ಬೈಯುವ ಬದಲು ಪುಟ್ಟಿಯ ಬ್ಯಾಗನ್ನು ಹೆಗಲಿಗೇರಿಸಿಕೊಂಡೆ. ನನ್ನ ಬರಿಗಾಲು ನೋಡಿ ಅವರು ತಮ್ಮ ಬೂಟು ಬಿಚ್ಚತೊಡಗಿದರು. ಪುಟ್ಟಿ ನಮ್ಮಿಬ್ಬರನ್ನೂ ಒಂದೊಂದು ಸಲ ನೋಡಿದಳು.

“ಚಿಕ್ಕಮ್ಮಾ, ನಾಳೆ ನನ್ನ ಗಂಟು?”

ಭಯ ಹೋಗಿರಲಿಲ್ಲ. ಈಗಲೂ ಹೋಗಿಲ್ಲ. “ಇರುತ್ತೆ,” ಅಂದೆ. ಅವರ ಕಡೆ ತಿರುಗಿ, “ಕಿಟಕಿ ಮಾತ್ರ ನಾಳೆಯಿಂದ ಮುಚ್ಚೇ ಇರುತ್ತೆ. ಹಗ್ಗದ ಮುಂದಿನ ತುದಿ ನಾನೇ ಹಿಡೀತೀನಿ,” ಅಂದೆ.

ಮರುದಿನ ಸಾಲಿನ ಮುಂದೆ ನಡೆದೆ. ಲಾಂಡ್ರಿ ತಿರುವು ಬಂತು. ವಿಜಲ್ ಇಲ್ಲ. ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ನಿಯಮ ನಿಯಮವೇ ಎಂದು ಹಲ್ಲು ಕಚ್ಚಿ ಮುಂದೆಯೇ ನೋಡಿದೆ. ಆಗ ಕೇಳಿತು, ತೆಳ್ಳಗೆ, ಅರ್ಧ ನಗು ಅರ್ಧ ಗಾಳಿಯಾಗಿ. ಮೇಷ್ಟ್ರ ವಿಜಲನ್ನು ಪುಟ್ಟಿಯೇ ಊದಿದ್ದಳು, ಅವಳದೇ ಉಸಿರಿನಿಂದ.

ಅಷ್ಟಾದ ಮೇಲೆ ನಾನು ತಿರುಗಿ ನೋಡಿದೆ. ಸಾಲೆಲ್ಲ ಸಿಕ್ಕುಸಿಕ್ಕಾಯಿತು.

“ಚಿಕ್ಕಮ್ಮಾ! ನಾನು ಚೆನ್ನಾಗಿದೀನಿ, ಮುಂದೆ ನೋಡು!” ಎಂದು ಪುಟ್ಟಿ ಕೂಗಿದಳು.

ನಾನು ನೋಡುತ್ತಿದ್ದುದು ಅವಳನ್ನಲ್ಲ. ಮೇಷ್ಟ್ರಿಗೆ ಅದು ಗೊತ್ತಾಯಿತು. ಈ ಸಲ ಅವರು ಆಕಾಶ ನೋಡಲಿಲ್ಲ.