ಮೂರನೇ ಕುರ್ಚಿ

ಇದು ಕಳೆದ ಮೇ ತಿಂಗಳಲ್ಲಿ ನಡೆದದ್ದು. ಎಂ.ಎ. ಮನಃಶಾಸ್ತ್ರದ ಪ್ರಾಜೆಕ್ಟಿಗಾಗಿ ನಾನೂ ಗೆಳತಿ ಶೀಬಾಳೂ ಹೊಸ ತಿಪ್ಪಸಂದ್ರದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಕಾಯುವವರ ವರ್ತನೆಯನ್ನು ಗಮನಿಸುತ್ತಿದ್ದೆವು. ಅಲ್ಲಿದ್ದದ್ದು ಆರು ಕುರ್ಚಿ. ನಾವಿಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು, ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡದೆ, ಯಾವ ಕುರ್ಚಿಯಲ್ಲಿ ಯಾರು ಏನು ಮಾಡುತ್ತಿದ್ದಾರೆ, ಯಾರು ನಿಂತಿದ್ದಾರೆಂದು ನಿಮಿಷಕ್ಕೊಮ್ಮೆ ಬರೆಯಬೇಕು. ಆಮೇಲೆ ಎರಡನ್ನೂ ಹೋಲಿಸಿದರೆ ನಮ್ಮ ಕಣ್ಣನ್ನು ಎಷ್ಟು ನಂಬಬಹುದೆಂದು ಗೊತ್ತಾಗುತ್ತದೆ.

ಮೊದಲ ದಿನ ಬೆಳಿಗ್ಗೆ ಒಂದು ಗಂಟೆ ಕಾಲ ಬರೆದು, ಹಾಳೆಗಳನ್ನು ಪಕ್ಕಪಕ್ಕ ಇಟ್ಟೆವು. ಐದು ಕುರ್ಚಿಗಳ ವಿವರ ಸರಿಯಾಗಿ ತಾಳೆಯಾಯಿತು. ಮೂರನೆಯದಕ್ಕೆ ನಾನು ಅರವತ್ತು ಸಲವೂ ‘ಖಾಲಿ’ ಎಂದು ಬರೆದಿದ್ದೆ. ಶೀಬಾ ಅರವತ್ತು ಸಲವೂ ‘ಅಜ್ಜಿ, ಕೆನ್ನೆ ಹಿಡಿದುಕೊಂಡಿದ್ದಾರೆ’ ಎಂದು ಬರೆದಿದ್ದಳು.

“ತಮಾಷೆ ಮಾಡ್ಬೇಡ ಕಣೇ, ಮಾರ್ಕ್ಸ್ ಹೋಗುತ್ತೆ,” ಎಂದೆ.

ಅವಳ ಮುಖ ಬಿಳಿಚಿಕೊಂಡಿತು. “ಅಲ್ಲಾಹ್ ಕಸಮ್ ಚಿನ್ಮಯಿ, ಈಗ್ಲೂ ಕೂತಿದಾರೆ. ನಿನ್ನನ್ನೇ ನೋಡ್ತಿದಾರೆ.”

ನಾನು ಎದ್ದು ಹೋಗಿ ಆ ಕುರ್ಚಿಯ ಮೇಲೆ ಅಂಗೈ ಇಟ್ಟೆ. ಫ್ಯಾನಿನ ಕೆಳಗಿದ್ದರೂ ರೆಕ್ಸಿನ್ ಬೆಚ್ಚಗಿತ್ತು. ಲವಂಗದ ವಾಸನೆ ಬಂತು. ಹಿಂತಿರುಗಿ ನೋಡಿದರೆ ಶೀಬಾ ಬ್ಯಾಗು ಎತ್ತಿಕೊಂಡು ಬಾಗಿಲು ದಾಟಿದ್ದಳು. ಅವಳು ಪ್ರಾಜೆಕ್ಟಿಗೆ ಮರಳಲೇ ಇಲ್ಲ.

ಅವಳು ಸುಳ್ಳು ಬರೆದಳೆಂದು ಗೈಡ್‌ಗೆ ದೂರು ಕೊಡುವ ಮುನ್ನ ನನ್ನ ಹಾಳೆಯನ್ನು ಇನ್ನೊಮ್ಮೆ ಓದಿದೆ. ಆ ಒಂದು ಗಂಟೆಯಲ್ಲಿ ಹನ್ನೊಂದು ಜನ ಕೂರಲು ಜಾಗವಿಲ್ಲದೆ ಗೋಡೆಗೆ ಒರಗಿ ಕಾದಿದ್ದರು. ತುಂಬು ಗರ್ಭಿಣಿಯೊಬ್ಬಳು ಇಪ್ಪತ್ತು ನಿಮಿಷ ನಿಂತೇ ಇದ್ದಳು. ಅಷ್ಟು ಹೊತ್ತೂ, ನನ್ನದೇ ಅಕ್ಷರದಲ್ಲಿ, ಮೂರನೇ ಕುರ್ಚಿ ಖಾಲಿ.